ಹಾಸ್ಟೆಲ್ ಕೋಣೆಯಲ್ಲಿ ಕಳೆದುಹೋದ ಮೂರು ಗಂಟೆ: ವಿದ್ಯಾರ್ಥಿಗಳ ಅಪಾಯಕಾರಿ ಕುಡಿತವನ್ನು ತಡೆಯುವುದು ಹೇಗೆ?

ಹಾಸ್ಟೆಲ್ ವಾರ್ಡನ್

ಎಂಜಿನಿಯರಿಂಗ್ ಕಾಲೇಜೊಂದರ ಹುಡುಗರ ಹಾಸ್ಟೆಲಿನಲ್ಲಿ ನಾನು 11 ವರ್ಷಗಳಿಂದ ವಾರ್ಡನ್ ಆಗಿದ್ದೇನೆ. ಹಗಲು ಗಣಿತ ಪಾಠ ಮಾಡುತ್ತೇನೆ, ರಾತ್ರಿ ಸುಮಾರು 300 ಹುಡುಗರ ಹಾಜರಿ ನೋಡುತ್ತೇನೆ. ಕಳೆದ ಸೆಮಿಸ್ಟರಿನಲ್ಲಿ ನಡೆದ ಒಂದು ಘಟನೆಯ ನಂತರ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅದನ್ನು ಇಲ್ಲಿ ಬರೆದು, ತಿಳಿದವರ ಅಭಿಪ್ರಾಯ ಕೇಳಬೇಕೆಂದಿದ್ದೇನೆ.

ಇಂಟರ್ನಲ್ಸ್ ಪರೀಕ್ಷೆ ಮುಗಿದ ಸಂಜೆ ಮೊದಲ ವರ್ಷದ ಹುಡುಗನೊಬ್ಬ ಸೀನಿಯರುಗಳ ಜೊತೆ ಹೊರಗೆ ಹೋಗಿದ್ದ. ಅವನಿಗೆ ಇನ್ನೂ 18 ತುಂಬಿರಲಿಲ್ಲ. ರಾತ್ರಿ 10ರ ಹೊತ್ತಿಗೆ ನಾಲ್ವರು ಅವನನ್ನು ಹಿಂಬಾಗಿಲಿನಿಂದ ಎತ್ತಿ ತಂದು ಮಂಚದ ಮೇಲೆ ಅಂಗಾತ ಮಲಗಿಸಿದರು. ಅವನು ಗೊರಕೆ ಹೊಡೆಯುತ್ತಿದ್ದುದರಿಂದ ಗಾಢ ನಿದ್ದೆ ಬಂದಿದೆ ಎಂದುಕೊಂಡರು. ವಾಂತಿಯಾದಾಗ ಒರೆಸಿದರು, ಮುಖಕ್ಕೆ ನೀರು ಚಿಮುಕಿಸಿದರು, ನಿಂಬೆರಸ ಕುಡಿಸಲು ನೋಡಿದರು. 1 ಗಂಟೆಗೆ ಅವನ ಕೈಕಾಲು ತಣ್ಣಗಾದಾಗ ನನ್ನ ಬಾಗಿಲು ಬಡಿದರು. ಆಂಬುಲೆನ್ಸ್ ಬಂತು, ಹುಡುಗ ಉಳಿದ, ಈಗ ತರಗತಿಗೆ ಬರುತ್ತಿದ್ದಾನೆ.

ಮೂರು ಗಂಟೆ ಏಕೆ ಕಾಯ್ದಿರಿ ಎಂದು ಆ ನಾಲ್ವರನ್ನು ಕೇಳಿದೆ. ಒಬ್ಬನು ಮಾತಾಡದೆ ಗೋಡೆಯ ಮೇಲಿನ ಸೂಚನಾ ಫಲಕದ ಕಡೆ ನೋಡಿದ. ಮದ್ಯ ಸೇವಿಸಿದವರನ್ನೂ ಅವರ ಜೊತೆಗಿದ್ದವರನ್ನೂ ವಿಚಾರಣೆಯಿಲ್ಲದೆ ಹಾಸ್ಟೆಲಿನಿಂದ ಹೊರಹಾಕಲಾಗುವುದು ಎಂಬ ಸೂಚನೆ ಅಲ್ಲಿತ್ತು. ಅದರ ಕೆಳಗೆ ಇದ್ದದ್ದು ನನ್ನ ಸಹಿ.

ಆ ಸೂಚನೆಯನ್ನು ಬರೆದಾಗ ಮಕ್ಕಳನ್ನು ಕಾಪಾಡುತ್ತಿದ್ದೇನೆ ಎಂದೇ ನಂಬಿದ್ದೆ. ಅದು ಕುಡಿತವನ್ನು ನಿಲ್ಲಿಸಲಿಲ್ಲ. ಸಹಾಯಕ್ಕೆ ಕರೆಯುವುದನ್ನು ನಿಲ್ಲಿಸಿತು. ಹಾಗಾದರೆ ಸೂಚನೆಯನ್ನು ತೆಗೆದುಹಾಕಬೇಕೇ, ಬೇರೆ ರೀತಿ ಬರೆಯಬೇಕೇ? ಶಿಸ್ತು ಉಳಿದು ಪ್ರಾಣವೂ ಉಳಿಯುವಂತೆ ನಿಯಮ ಮಾಡುವುದು ಹೇಗೆ? ಅನುಭವ ಉಳ್ಳವರು ದಯವಿಟ್ಟು ತಿಳಿಸಿ.

ಕಡೂರಿನ ಪಾಲಕ

ವಾರ್ಡನ್ ಅವರೇ, ನಿಮ್ಮ ಪ್ರಾಮಾಣಿಕತೆಗೆ ಗೌರವವಿದೆ. ಆದರೆ ಸೂಚನೆಯನ್ನು ತೆಗೆದುಹಾಕುವ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಅಣ್ಣ ಕುಡಿತದಿಂದಲೇ ಹೋದ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಾಗ ನಮ್ಮ ಊರಿನ ಹೆಂಗಸರು ದೇವರಿಗೆ ಹಣ್ಣುಕಾಯಿ ಮಾಡಿಸಿದ್ದರು, ಅತ್ತಿಗೆಯೂ ಮಾಡಿಸಿದ್ದಳು. ಅಣ್ಣ ಮಾತ್ರ ಸಾರಾಯಿಯಿಂದ ಅಗ್ಗದ ವಿಸ್ಕಿಗೆ ಬದಲಾದ. ಮನೆಯಲ್ಲಿ ಯಾರೂ ಅವನನ್ನು ಗಟ್ಟಿಯಾಗಿ ತಡೆಯದೇ ಇದ್ದುದರಿಂದಲೇ ಹಾಗಾಯಿತು ಎಂದು ಇವತ್ತಿಗೂ ನನ್ನ ಮನಸ್ಸು ಹೇಳುತ್ತದೆ.

ನನ್ನ ಮಗ ಈ ವರ್ಷ ಮೊದಲ ಬಾರಿಗೆ ಮನೆ ಬಿಟ್ಟು ಹಾಸ್ಟೆಲ್ ಸೇರಿದ್ದಾನೆ. ತೋಟದ ಮೇಲೆ ಸಾಲ ಮಾಡಿ ಶುಲ್ಕ ಕಟ್ಟಿದ್ದೇನೆ. ಕುಡಿದರೂ ಪರವಾಗಿಲ್ಲ, ಫೋನ್ ಮಾಡಿದರೆ ಕ್ಷಮೆ ಇದೆ ಎಂದು ಕಾಲೇಜೇ ಬರೆದು ಹಾಕಿದರೆ, ಇದುವರೆಗೆ ಹೆದರಿ ದೂರ ಉಳಿದ ಹುಡುಗನೂ ಒಂದು ಸಲ ನೋಡೋಣ ಎನ್ನುತ್ತಾನೆ. ಹದಿನೆಂಟರ ವಯಸ್ಸಿನಲ್ಲಿ ಭಯವೂ ಒಂದು ಬೇಲಿ. ಅದನ್ನು ಕಿತ್ತರೆ ಅದರ ಬದಲಿಗೆ ಏನನ್ನು ಹಾಕುತ್ತೀರಿ ಎಂಬುದನ್ನು ಮೊದಲು ಹೇಳಿ.

ತುರ್ತು ಚಿಕಿತ್ಸಾ ವೈದ್ಯೆ

ಬೇಲಿಯ ಪ್ರಶ್ನೆಗೆ ಬೇರೆಯವರು ಉತ್ತರಿಸಲಿ. ರಾತ್ರಿ ಪಾಳಿಯಲ್ಲಿ ಇಂಥ ಹುಡುಗರನ್ನು ನೋಡುವವಳಾಗಿ ನಾನು ಲೆಕ್ಕದಿಂದ ಆರಂಭಿಸುತ್ತೇನೆ, ಏಕೆಂದರೆ ಕುಡಿಯುವ ಹುಡುಗರಲ್ಲಿ ಹೆಚ್ಚಿನವರಿಗೆ ತಾವು ಕುಡಿದದ್ದು ಎಷ್ಟು ಎಂಬುದೇ ಗೊತ್ತಿರುವುದಿಲ್ಲ.

ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. 30 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಬರುತ್ತದೆ. ನೈಂಟಿ ಎಂದರೆ 90 ಮಿಲಿಲೀಟರ್, ಅಂದರೆ 30 ಗ್ರಾಂ; ಕ್ವಾರ್ಟರ್ ಎಂದರೆ 180 ಮಿಲಿಲೀಟರ್, ಅಂದರೆ 60 ಗ್ರಾಂ. ಒಂದೇ ಸಲ ಕುಳಿತು 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವುದನ್ನೇ ವಿಶ್ವ ಆರೋಗ್ಯ ಸಂಸ್ಥೆ ವಿಪರೀತ ಕುಡಿತ ಎಂದು ಗುರುತಿಸುತ್ತದೆ. ನಮ್ಮ ಹುಡುಗರು ಒಬ್ಬನಿಗೆ ಒಂದು ಎಂದು ಹಂಚಿಕೊಳ್ಳುವ ಕ್ವಾರ್ಟರ್ ಬಾಟಲಿ ಆ ಗೆರೆಯ ಮೇಲೆಯೇ ನಿಂತಿದೆ. ಬಿಯರ್ ತಾನೇ ಎನ್ನುವವರಿಗೂ ಒಂದು ಮಾತು: ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ ಇರುತ್ತದೆ. ಎರಡು ಬಾಟಲಿ ಕುಡಿದವನು ಕ್ವಾರ್ಟರನ್ನು ದಾಟಿರುತ್ತಾನೆ.

ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಈ ವೇಗವನ್ನು ಕಾಫಿ, ಮಜ್ಜಿಗೆ, ನಿಂಬೆರಸ, ತಣ್ಣೀರಿನ ಸ್ನಾನ ಯಾವುದೂ ಹೆಚ್ಚಿಸುವುದಿಲ್ಲ. ಅರ್ಧ ಗಂಟೆಯಲ್ಲಿ ಗಟಗಟ ಕುಡಿದವನ ಹೊಟ್ಟೆಯಲ್ಲಿ ಇನ್ನೂ ರಕ್ತಕ್ಕೆ ಸೇರದ ಮದ್ಯ ಉಳಿದಿರುತ್ತದೆ. ಆದ್ದರಿಂದ ಅವನು ಕುಡಿಯುವುದನ್ನು ನಿಲ್ಲಿಸಿ ಮಲಗಿದ ಮೇಲೂ ರಕ್ತದಲ್ಲಿ ಆಲ್ಕೋಹಾಲಿನ ಮಟ್ಟ ಏರುತ್ತಲೇ ಹೋಗುತ್ತದೆ. ಮಲಗಿದರೆ ಸರಿಹೋಗುತ್ತಾನೆ ಎಂಬ ನಂಬಿಕೆ ಅಪಾಯಕಾರಿಯಾಗುವುದು ಈ ಕಾರಣಕ್ಕೆ. ಮಟ್ಟ ಏರಿದಂತೆ ಮಿದುಳಿನ ಉಸಿರಾಟದ ಕೇಂದ್ರ ಮಂಕಾಗುತ್ತದೆ, ಗಂಟಲಿಗೆ ಏನಾದರೂ ಅಡ್ಡ ಬಂದರೆ ಕೆಮ್ಮಿ ಹೊರಹಾಕುವ ಸಹಜ ಪ್ರತಿಕ್ರಿಯೆ ಅಡಗುತ್ತದೆ. ಅಂಗಾತ ಮಲಗಿದವನಿಗೆ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಊಟ ಮಾಡದೆ ಕುಡಿದಿದ್ದರೆ ರಕ್ತದ ಸಕ್ಕರೆಯೂ ಕುಸಿಯಬಹುದು. ವಾರ್ಡನ್ ಅವರು ಹೇಳಿದ ಗೊರಕೆ ನಿದ್ದೆಯ ಗೊರಕೆ ಆಗಿರಲಿಕ್ಕಿಲ್ಲ. ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಕಿರಿದಾದಾಗಲೂ ಅದೇ ಸದ್ದು ಬರುತ್ತದೆ.

ಎಷ್ಟು ಅಲುಗಾಡಿಸಿದರೂ, ಚಿವುಟಿದರೂ ಎಚ್ಚರವಾಗದಿದ್ದರೆ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾದರೆ ಅಥವಾ ಎರಡು ಉಸಿರುಗಳ ನಡುವೆ 10 ಸೆಕೆಂಡು ಮೀರಿದರೆ, ತುಟಿ, ಉಗುರು ನೀಲಿಗಟ್ಟಿದರೆ, ಮೈ ತಣ್ಣಗಾದರೆ, ಫಿಟ್ಸ್ ಬಂದರೆ, ಎಚ್ಚರವಿಲ್ಲದೆ ವಾಂತಿಯಾದರೆ, ಇವುಗಳಲ್ಲಿ ಯಾವ ಒಂದು ಕಂಡರೂ ಆ ಕ್ಷಣವೇ 108ಕ್ಕೆ ಕರೆ ಮಾಡಬೇಕು. ಎಲ್ಲ ಲಕ್ಷಣಗಳೂ ಕಾಣಲಿ ಎಂದು ಕಾಯಬಾರದು. ಅಲ್ಲಿಯವರೆಗೆ ಅವನನ್ನು ಪಕ್ಕಕ್ಕೆ ಹೊರಳಿಸಿ, ಮೇಲಿನ ಮೊಣಕಾಲನ್ನು ಮಡಿಸಿ, ಬಾಯಿ ಕೆಳಮುಖವಾಗಿರುವಂತೆ ಮಲಗಿಸಿ. ಏನನ್ನೂ ಕುಡಿಸಬೇಡಿ, ಉಪ್ಪುನೀರು ಕೊಟ್ಟು ವಾಂತಿ ಮಾಡಿಸಬೇಡಿ, ಒಬ್ಬನನ್ನೇ ಬಿಟ್ಟು ಹೋಗಬೇಡಿ. ಆಸ್ಪತ್ರೆಯಲ್ಲಿ ಎಷ್ಟು ಕುಡಿದ, ಜೊತೆಗೆ ನಿದ್ದೆ ಮಾತ್ರೆ ಅಥವಾ ಬೇರೇನಾದರೂ ತೆಗೆದುಕೊಂಡನೇ ಎಂಬುದನ್ನು ಮುಚ್ಚಿಡದೆ ಹೇಳಿ. ನಮಗೆ ಬೇಕಾದದ್ದು ಆ ಮಾಹಿತಿ, ಯಾರ ತಪ್ಪೊಪ್ಪಿಗೆಯೂ ಅಲ್ಲ.

ಹಳೆಯ ವಿದ್ಯಾರ್ಥಿ

ಆರು ವರ್ಷಗಳ ಹಿಂದೆ ನಾನು ಅಂಥದೇ ಒಂದು ಕೋಣೆಯಲ್ಲಿದ್ದೆ, ಆದ್ದರಿಂದ ಆ ನಾಲ್ವರ ಮನಸ್ಸು ನನಗೆ ಅರ್ಥವಾಗುತ್ತದೆ. ಆಗ ನಮ್ಮ ತಲೆಯಲ್ಲಿದ್ದ ಪ್ರಶ್ನೆ ಇವನು ಸಾಯುತ್ತಾನೆಯೇ ಎಂಬುದಲ್ಲ. ಅವನಪ್ಪನಿಗೆ ಫೋನ್ ಹೋದರೆ ಏನು ಗತಿ, ಪ್ಲೇಸ್‌ಮೆಂಟಿಗೆ ಕೂರಲು ಬಿಡುವರೇ ಎಂಬ ಪ್ರಶ್ನೆಗಳು. ಇಪ್ಪತ್ತರ ವಯಸ್ಸಿನಲ್ಲಿ ಸಾವು ದೂರದ ಸಂಗತಿ. ಪ್ರಿನ್ಸಿಪಾಲರ ಕೋಣೆ ಹತ್ತಿರದ್ದು.

ಕುಡಿತದ ಸಂದರ್ಭಗಳ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ದಿನಾ ಕುಡಿಯುವವರು ಬೆರಳೆಣಿಕೆಯಷ್ಟು. ಅನಾಹುತಗಳೆಲ್ಲ ನಡೆದದ್ದು ಗೊತ್ತಿರುವ ಕೆಲವು ದಿನಗಳಲ್ಲಿ: ಫ್ರೆಷರ್ಸ್ ಪಾರ್ಟಿ, ಇಂಟರ್ನಲ್ಸ್ ಮುಗಿದ ಸಂಜೆ, ಕಾಲೇಜು ಹಬ್ಬದ ಕೊನೆಯ ರಾತ್ರಿ, ಯಾರಿಗಾದರೂ ಕೆಲಸ ಸಿಕ್ಕಾಗಿನ ಟ್ರೀಟ್, ಚಿಕ್ಕಮಗಳೂರಿನ ಹೋಂಸ್ಟೇಗೆ ಹೋದ ವಾರಾಂತ್ಯ. ಟ್ರೀಟಿನಲ್ಲಿ ಹಣ ಕೊಡುವವನು ಒಬ್ಬನೇ ಆದ್ದರಿಂದ ಉಳಿದವರಿಗೆ ಲೆಕ್ಕವಿರುವುದಿಲ್ಲ. ಬೇಡ ಎಂದವನು ಸ್ನೇಹವನ್ನೇ ತಿರಸ್ಕರಿಸಿದಂತೆ ಕಾಣುತ್ತಾನೆ. ಕುಡಿದು ಮುತ್ತತ್ತಿಯಲ್ಲೋ ಬಲಮುರಿಯಲ್ಲೋ ನೀರಿಗಿಳಿದವರನ್ನು, ಬೆಳಗಿನ ಜಾವ ಬೈಕಿನಲ್ಲಿ ನಂದಿಬೆಟ್ಟಕ್ಕೆ ಹೊರಟವರನ್ನು ನಾನು ಕಂಡಿದ್ದೇನೆ. ಕೋಣೆಯಲ್ಲಿ ಉಸಿರು ನಿಲ್ಲುವುದು ಎಷ್ಟು ಅಪಾಯವೋ ಇವೂ ಅಷ್ಟೇ.

ಕೊನೆಯ ವರ್ಷದ ಒಂದು ರಾತ್ರಿ ನಮ್ಮ ಕೋಣೆಯ ನಾಲ್ವರು ಮನಸ್ಸು ಬಿಚ್ಚಿ ಮಾತಾಡಿದೆವು. ನಾಲ್ವರಲ್ಲಿ ಮೂವರಿಗೆ ಕುಡಿತ ಇಷ್ಟವೇ ಇರಲಿಲ್ಲ. ಉಳಿದವರಿಗೆಲ್ಲ ಇಷ್ಟವಿದೆ ಎಂದುಕೊಂಡು ಮೂರು ವರ್ಷ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಡಿದಿದ್ದೆವು. ಈ ಮಾತನ್ನು ಮೊದಲ ವಾರದಲ್ಲೇ ಯಾರಾದರೂ ನಮ್ಮ ಬಾಯಿಯಿಂದ ಹೊರಡಿಸಿದ್ದರೆ ಎಂದು ಈಗಲೂ ಅನಿಸುತ್ತದೆ.

ಸಿಯಾಟಲ್ ಕನ್ನಡತಿ

ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ವಿದ್ಯಾರ್ಥಿಗಳ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿನ ವಿದ್ಯಾರ್ಥಿ ಕುಡಿತ ನಮ್ಮದಕ್ಕಿಂತ ಬಹಳ ವ್ಯಾಪಕ. ಹಾರ್ವರ್ಡಿನ ಹೆನ್ರಿ ವೆಕ್ಸ್‌ಲರ್ 1993ರಲ್ಲಿ ಆರಂಭಿಸಿದ ಸಮೀಕ್ಷೆಯಲ್ಲಿ ಶೇ 44ರಷ್ಟು ವಿದ್ಯಾರ್ಥಿಗಳು ಹಿಂದಿನ ಎರಡು ವಾರಗಳಲ್ಲಿ ಒಮ್ಮೆಯಾದರೂ ವಿಪರೀತ ಕುಡಿದವರಾಗಿದ್ದರು. ಆದ್ದರಿಂದ ಇಲ್ಲಿನ ಪರಿಹಾರಗಳನ್ನು ಹಾಗೆಯೇ ಎತ್ತಿ ತರುವುದು ಸರಿಯಲ್ಲ. ಆದರೆ ಇಲ್ಲಿ ಹಣ ಮತ್ತು ವರ್ಷಗಳನ್ನು ಸುರಿದು ಕಲಿತ ಪಾಠಗಳನ್ನು ನಾವು ಪುಕ್ಕಟೆಯಾಗಿ ಪಡೆಯಬಹುದು.

ಕಡೂರಿನ ಹಿರಿಯರು ಬೇಲಿಯ ಬದಲಿಗೆ ಏನು ಎಂದು ಕೇಳಿದ್ದಾರೆ. ವಾರ್ಡನ್ ಅವರ ಸಂಕಟವನ್ನೇ ಎದುರಿಸಿದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ ಒಂದು ನಿಯಮ ತಂದಿತು. ಅತಿಯಾಗಿ ಕುಡಿದವನಿಗಾಗಿ ಸಹಾಯ ಕರೆದವನ ಮೇಲೂ, ಸಹಾಯ ಪಡೆದವನ ಮೇಲೂ ಕುಡಿತದ ಕಾರಣಕ್ಕೆ ಶಿಸ್ತಿನ ಕ್ರಮ ಇರುವುದಿಲ್ಲ. ಆದರೆ ಸಹಾಯ ಪಡೆದವನು ನಂತರ ಆಪ್ತಸಮಾಲೋಚನೆಗೆ ಬರಲೇಬೇಕು. ಮುಂದಿನ ಎರಡು ವರ್ಷಗಳಲ್ಲಿ ಸಹಾಯದ ಕರೆಗಳು ಹೆಚ್ಚಿದವು. ಸ್ನೇಹಿತನಿಗೆ ತೊಂದರೆಯಾದೀತೆಂದು ಕರೆ ಮಾಡಲಿಲ್ಲ ಎನ್ನುವವರು ಬಹಳ ಕಡಿಮೆಯಾದರು. ಆ ರಾತ್ರಿಯ ನಂತರ ಸಮಾಲೋಚಕರ ಮುಂದೆ ಕುಳಿತವರ ಪ್ರಮಾಣ ಎರಡು ಪಟ್ಟು ಮೀರಿತು. ಹಿರಿಯರೇ, ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಕೊನೆಯ ಸಂಗತಿ. ಶಿಕ್ಷೆಯ ಭಯದಲ್ಲಿ ಅಡಗಿಕೊಳ್ಳುತ್ತಿದ್ದ ಹುಡುಗರು ಮೊದಲ ಬಾರಿಗೆ ದೊಡ್ಡವರ ಕಣ್ಣಿಗೆ ಬಿದ್ದರು. ನಿಮ್ಮ ಅಣ್ಣನನ್ನು ಯಾರೂ ತಡೆಯಲಿಲ್ಲ ಎಂದು ಬರೆದಿದ್ದೀರಿ. ತಡೆಯಬೇಕಾದರೆ ಮೊದಲು ಅವನು ಕಾಣಿಸಬೇಕು.

ಎರಡನೆಯ ಪಾಠ: ಕುಡಿತ ಕೆಟ್ಟದ್ದು ಎಂಬ ಉಪನ್ಯಾಸ ಒಂದರಿಂದಲೇ ಕುಡಿತ ಇಳಿಯುವುದಿಲ್ಲ. ಇಲ್ಲಿನ ರಾಷ್ಟ್ರೀಯ ಆಲ್ಕೋಹಾಲ್ ಸಂಶೋಧನಾ ಸಂಸ್ಥೆ 2002ರ ವರದಿಯಲ್ಲಿ ಅದನ್ನು ಸ್ಪಷ್ಟವಾಗಿ ಹೇಳಿತು. ಫಲ ಕೊಟ್ಟದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಟ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಎರಡು ಭೇಟಿಗಳ ಕ್ರಮ. ಮೊದಲ ಭೇಟಿಯಲ್ಲಿ ವಿದ್ಯಾರ್ಥಿ ತಾನು ಯಾವಾಗ, ಎಷ್ಟು, ಯಾರ ಜೊತೆ ಕುಡಿಯುತ್ತಾನೆ ಎಂದು ತಾನೇ ಬರೆಯುತ್ತಾನೆ. ಎರಡನೆಯದರಲ್ಲಿ ಸಮಾಲೋಚಕರು ಅವನ ಅಂಕಿಗಳನ್ನೇ ಅವನ ಮುಂದಿಡುತ್ತಾರೆ: ಖರ್ಚಾದ ಹಣ, ತಪ್ಪಿದ ತರಗತಿ, ನೆನಪೇ ಉಳಿಯದ ರಾತ್ರಿಗಳು. ಬೈಯುವುದಿಲ್ಲ, ತೀರ್ಪು ಕೊಡುವುದಿಲ್ಲ. ಮುಂದೇನು ಮಾಡುತ್ತೀಯ ಎಂದು ಕೇಳಿ ಅವನ ಉತ್ತರಕ್ಕಾಗಿ ಕಾಯುತ್ತಾರೆ.

ಹಳೆಯ ವಿದ್ಯಾರ್ಥಿಯವರು ಹೇಳಿದ ತಪ್ಪು ಕಲ್ಪನೆಯನ್ನು ಪರ್ಕಿನ್ಸ್ ಮತ್ತು ಬರ್ಕೊವಿಟ್ಸ್ ಎಂಬವರು 1986ರಲ್ಲೇ ಗುರುತಿಸಿದ್ದರು. ಅವರ ಮಾತನ್ನು ನಂಬಿ ಎಷ್ಟೋ ಕಾಲೇಜುಗಳು ಹೆಚ್ಚಿನವರು ಅತಿಯಾಗಿ ಕುಡಿಯುವುದಿಲ್ಲ ಎಂಬ ಪೋಸ್ಟರುಗಳನ್ನು ಅಂಟಿಸಿದವು. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2015ರ ಕಾಕ್ರೇನ್ ವಿಮರ್ಶೆ ಅಂಥ ಪ್ರಯತ್ನಗಳ ಪರಿಣಾಮ ತೀರಾ ಚಿಕ್ಕದು ಎಂದು ತೋರಿಸಿತು. ನಿಮ್ಮ ಕೋಣೆಯ ನಾಲ್ವರಿಗೆ ನಿಜ ತಿಳಿದದ್ದು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿಕೊಂಡದ್ದರಿಂದ. ಆ ಕೆಲಸ ಪೋಸ್ಟರಿನಿಂದ ಆಗುವಂಥದ್ದಲ್ಲ.

ಅಂತಿಮ ವರ್ಷದ ವಿದ್ಯಾರ್ಥಿನಿ

ಇಲ್ಲಿಯವರೆಗಿನ ಎಲ್ಲ ಮಾತು ಹುಡುಗರದ್ದು. ಹುಡುಗಿಯರ ಹಾಸ್ಟೆಲಿನಲ್ಲೂ ಕುಡಿತವಿದೆ, ಅದು ಹೆಚ್ಚು ಗುಟ್ಟಿನದು, ಆದ್ದರಿಂದ ಹೆಚ್ಚು ಅಪಾಯದ್ದು.

ನಮ್ಮ ಗೇಟು ರಾತ್ರಿ 9ಕ್ಕೆ ಮುಚ್ಚುತ್ತದೆ. ಹುಡುಗರು ನಾಲ್ಕು ಗಂಟೆಯಲ್ಲಿ ಕುಡಿಯುವುದನ್ನು ಹೊರಗೆ ಹೋದ ಹುಡುಗಿಯರು ಮುಕ್ಕಾಲು ಗಂಟೆಯಲ್ಲಿ ಮುಗಿಸಿ, ವಾಸನೆ ಹೋಗಲು ಏಲಕ್ಕಿ ಜಗಿದು, ಊಟ ಮಾಡದೆ ಓಡಿ ಬರುತ್ತಾರೆ. ವೈದ್ಯೆಯವರು ವಿವರಿಸಿದ ವೇಗದ ಲೆಕ್ಕ ಓದಿದಾಗ ನನಗೆ ಕಂಡದ್ದು ನಮ್ಮ ಗೇಟು. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆ ಇರುವುದರಿಂದ ಅಷ್ಟೇ ಮದ್ಯಕ್ಕೆ ರಕ್ತದ ಮಟ್ಟ ಹೆಚ್ಚು ಏರುತ್ತದೆ ಎಂಬುದೂ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಳೆದ ವರ್ಷ ನನ್ನ ಗೆಳತಿ ಪ್ರಜ್ಞೆ ತಪ್ಪಿದಾಗ ನಾವು ಯಾರನ್ನೂ ಕರೆಯಲಿಲ್ಲ. ಅವಳು ಹಾಸ್ಟೆಲ್ ಬಿಡಬೇಕಾಗುತ್ತದೆ ಎಂಬುದಷ್ಟೇ ನಮ್ಮ ಭಯವಾಗಿರಲಿಲ್ಲ. ಊರಿಗೆ ಕರೆಸಿ ಓದು ಬಿಡಿಸಿ ಮದುವೆ ಮಾಡಿಬಿಡುತ್ತಾರೆ ಎಂಬುದು ನಿಜವಾದ ಭಯ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿದ್ದ ಯುವತಿಯರನ್ನು ಗುಂಪೊಂದು ಹೊಡೆದು ಅಟ್ಟಿಸಿದಾಗ ನಾನು ಪುಟ್ಟ ಹುಡುಗಿ. ಆದರೆ ಆ ದೃಶ್ಯಗಳನ್ನು ನೋಡುತ್ತಲೇ ಬೆಳೆದವಳು. ಹುಡುಗ ಕುಡಿದರೆ ದಾರಿ ತಪ್ಪಿದ, ಹುಡುಗಿ ಕುಡಿದರೆ ಕೆಟ್ಟವಳಾದಳು. ಈ ವ್ಯತ್ಯಾಸ ಇರುವವರೆಗೆ ನೀವು ಬರೆಯುವ ವಿನಾಯಿತಿ ನಮ್ಮ ಕೋಣೆಯವರೆಗೆ ತಲುಪುವುದಿಲ್ಲ. ದಯವಿಟ್ಟು ನಿಯಮದಲ್ಲಿ ಹುಡುಗಿಯರ ಹಾಸ್ಟೆಲನ್ನು ಹೆಸರಿಟ್ಟು ಸೇರಿಸಿ. ಪ್ರಾಣಾಪಾಯ ಮುಗಿದ ಮೇಲೆ ಮನೆಗೆ ಏನನ್ನು, ಯಾರು, ಹೇಗೆ ತಿಳಿಸುತ್ತಾರೆ ಎಂಬುದನ್ನೂ ಬರೆಯಿರಿ.

ಧಾರವಾಡದ ವಕೀಲ

ನಿಯಮ ಬರೆಯುವ ಮೊದಲು ಕಾನೂನಿನ ಚೌಕಟ್ಟು ತಿಳಿದಿರಲಿ. ಕರ್ನಾಟಕದಲ್ಲಿ ವಯಸ್ಸಿನ ಮಿತಿಯ ಬಗ್ಗೆ ಗೊಂದಲ ಹಳೆಯದು. 1965ರ ಅಬಕಾರಿ ಕಾಯ್ದೆ 18 ಎನ್ನುತ್ತದೆ, 1967ರ ಪರವಾನಗಿ ಷರತ್ತುಗಳ ನಿಯಮ 21 ಎನ್ನುತ್ತದೆ. 2023ರ ಜನವರಿಯಲ್ಲಿ ಇದನ್ನು 18ಕ್ಕೆ ಇಳಿಸುವ ಕರಡನ್ನು ಸರ್ಕಾರ ಹೊರಡಿಸಿ, ಜನರ ವಿರೋಧ ಬಂದ ಕೂಡಲೇ ಹಿಂದಕ್ಕೆ ಪಡೆಯಿತು. ಪದವಿ ಓದುವವರಲ್ಲಿ ಹೆಚ್ಚಿನವರು 21ರ ಕೆಳಗಿನವರು. ಆದ್ದರಿಂದ ಕಾಲೇಜಿನ ಸುತ್ತಲಿನ ಮದ್ಯದಂಗಡಿಗಳು ಗುರುತಿನ ಚೀಟಿ ನೋಡದೆ ಮಾರುತ್ತಿದ್ದರೆ, ಅಬಕಾರಿ ಇಲಾಖೆಗೆ ಲಿಖಿತ ದೂರು ಕೊಡುವುದು ಕಾಲೇಜಿನ ಆಡಳಿತ ಮಾಡಬೇಕಾದ ಮೊದಲ ಕೆಲಸ. ಹುಡುಗರ ಬ್ಯಾಗು ತಪಾಸಣೆ ಮಾಡುವ ಎಷ್ಟು ಕಾಲೇಜುಗಳು ಇಂಥ ಒಂದು ದೂರನ್ನಾದರೂ ಬರೆದಿವೆ?

ವಿನಾಯಿತಿಗೂ ಒಂದು ಗಡಿ ಇರಬೇಕು. ವಾರ್ಡನ್ ಅವರ ಹುಡುಗ 18 ತುಂಬದವನು. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಅಂಥವನಿಗೆ ಮದ್ಯ ಕೊಡುವುದು 7 ವರ್ಷಗಳವರೆಗಿನ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಸೀನಿಯರುಗಳು ಬಲವಂತವಾಗಿ ಕುಡಿಸಿದ್ದರೆ ಅದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಾವಳಿಯಂತೆ ರ‍್ಯಾಗಿಂಗ್. ಆ ನಿಯಮಾವಳಿ ಬಂದ ವರ್ಷದ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಕುಡಿದ ಸೀನಿಯರುಗಳ ಹೊಡೆತದಿಂದ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಸತ್ತಿದ್ದನ್ನು ಮರೆಯಬಾರದು. ಕಾಲೇಜು ಕ್ಷಮಿಸಬಹುದಾದದ್ದು ಕುಡಿತದ ಶಿಸ್ತುಭಂಗವನ್ನು ಮಾತ್ರ. ಕುಡಿಸಿದವನ ಅಪರಾಧವನ್ನು ಕ್ಷಮಿಸುವ ಅಧಿಕಾರ ಅದಕ್ಕಿಲ್ಲ. ಕುಡಿದು ವಾಹನ ಓಡಿಸಿದವನಿಗೂ ಅಷ್ಟೇ. ರಕ್ತದ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗಿನ ಸಜೆ ಅಥವಾ ಎರಡೂ ಆಗಬಹುದು.

ವಿದ್ಯಾರ್ಥಿನಿಯ ಪ್ರಶ್ನೆಗೆ ಒಂದು ಆಧಾರವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯದ ದುರುಪಯೋಗಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ ಮತ್ತು ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಹಾಸ್ಟೆಲಿನ ದಾಖಲೆಯನ್ನೂ ಸಮಾಲೋಚಕರ ದಾಖಲೆಯನ್ನೂ ಒಂದೇ ಕಡತದಲ್ಲಿ ಇಡಬೇಡಿ.

ಕಡೂರಿನ ಪಾಲಕ

ಎಲ್ಲವನ್ನೂ ಎರಡು ಸಲ ಓದಿದೆ. ಕರೆದವನನ್ನು ಶಿಕ್ಷಿಸಬಾರದು ಎಂಬುದನ್ನು ಒಪ್ಪುತ್ತೇನೆ. ಅದನ್ನು ಮೊದಲೇ ಒಪ್ಪಬೇಕಿತ್ತು. ಆದರೆ ಮನೆಗೆ ತಿಳಿಸದೆ ಇರುವುದನ್ನು ಒಪ್ಪಲಾರೆ. ಮಗ ಆಸ್ಪತ್ರೆಯಲ್ಲಿದ್ದು ನಾನು ಇಲ್ಲಿ ಅಡಿಕೆ ಸುಲಿಸುತ್ತಾ ಕುಳಿತಿದ್ದೆ ಎಂದು ಆಮೇಲೆ ತಿಳಿದರೆ, ಆ ಕಾಲೇಜನ್ನು ಜೀವಮಾನದಲ್ಲಿ ನಂಬುವುದಿಲ್ಲ. ಆ ವಿದ್ಯಾರ್ಥಿನಿಯ ಭಯವೂ ಸುಳ್ಳಲ್ಲ ಎಂಬುದು ಗೊತ್ತಿದೆ. ಎರಡೂ ನಿಜವಾಗಿರುವಾಗ ಏನು ಮಾಡಬೇಕೆಂದು ತೋಚುತ್ತಿಲ್ಲ.

ಆಪ್ತಸಮಾಲೋಚಕಿ, ಶಿವಮೊಗ್ಗ

ಆ ಎರಡು ನಿಜಗಳ ನಡುವೆಯೇ ನನ್ನ ಪ್ರತಿದಿನದ ಕೆಲಸ. ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಆಸ್ಪತ್ರೆಗೆ ಸೇರಿಸಿದರೆ ಮನೆಗೆ ತಿಳಿಸಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಆ ಫೋನನ್ನು ಕಚೇರಿಯ ಗುಮಾಸ್ತರು ಮಾಡಬಾರದು, ನಿಮ್ಮ ಮಗಳು ಕುಡಿದು ಬಿದ್ದಿದ್ದಾಳೆ ಎಂಬ ಮಾತಿನಿಂದ ಆರಂಭವಾಗಬಾರದು. ಮನೆಯಲ್ಲಿ ಯಾರಿಗೆ ಮೊದಲು ಹೇಳಬೇಕು ಎಂಬುದನ್ನು ಸೇರುವ ದಿನವೇ ವಿದ್ಯಾರ್ಥಿಯಿಂದ ಬರೆಸಿಕೊಂಡಿರುತ್ತೇವೆ. ಎಷ್ಟೋ ಜನ ಅಕ್ಕನ ಅಥವಾ ಸೋದರಮಾವನ ಹೆಸರು ಬರೆಯುತ್ತಾರೆ. ಪಾಲಕರು ಬಂದಾಗ ಮೊದಲ ಅರ್ಧ ಗಂಟೆ ಸಮಾಲೋಚಕರು ಅವರ ಜೊತೆ ಕೂರುತ್ತಾರೆ. ಹೀಗೆ ಮಾಡಿದ ಮೇಲೂ ಒಬ್ಬ ಹುಡುಗಿಯ ಓದು ನಿಂತಿತು, ಅದನ್ನು ಮುಚ್ಚಿಡುವುದಿಲ್ಲ. ಅವಳ ತಂದೆಯನ್ನು ಒಪ್ಪಿಸಲು ನನ್ನಿಂದ ಆಗಲಿಲ್ಲ.

ಸಮಾಲೋಚಕರಿಲ್ಲದ ಕಾಲೇಜುಗಳೇ ಹೆಚ್ಚು ಎಂಬ ಆಕ್ಷೇಪ ಬರುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ದಾರಿ ತೋರಿಸುತ್ತದೆ. ಮನೋವೈದ್ಯಕೀಯ ಪದವಿಯಿಲ್ಲದ, ತರಬೇತಿ ಪಡೆದ ಸಾಮಾನ್ಯ ಜನರು ಗರಿಷ್ಠ 4 ಭೇಟಿಗಳಲ್ಲಿ ಹಾನಿಕರ ಕುಡಿತದ ಗಂಡಸರಿಗೆ ನೆರವಾದರು, ಮೂರು ತಿಂಗಳ ನಂತರ ಫಲವೂ ಕಂಡಿತು. ವಿದ್ಯಾರ್ಥಿಗಳು ಮನಸ್ಸು ಬಿಚ್ಚಿ ಮಾತಾಡುವಂಥ ಒಬ್ಬ ಉಪನ್ಯಾಸಕಿಯೋ ಗ್ರಂಥಪಾಲಕರೋ ಪ್ರತಿ ಕಾಲೇಜಿನಲ್ಲೂ ಇರುತ್ತಾರೆ. ಅವರಿಗೆ ತರಬೇತಿ ಕೊಡಿಸಿ. ನಿಮ್ಹಾನ್ಸ್ ನೆರವಿನಿಂದ ಯುವಜನ ಇಲಾಖೆ ನಡೆಸುವ ಯುವ ಸ್ಪಂದನ ಕೇಂದ್ರಗಳನ್ನೂ ಸಂಪರ್ಕಿಸಬಹುದು. 14416ರ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಕನ್ನಡದಲ್ಲೇ ಉತ್ತರಿಸುತ್ತದೆ, ವ್ಯಸನಮುಕ್ತಿ ಸಹಾಯವಾಣಿ 14446.

ಯಾರಿಗೆ ಎಷ್ಟು ನೆರವು ಬೇಕೆಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ 10 ಪ್ರಶ್ನೆಗಳ ಪಟ್ಟಿಯೊಂದಿದೆ. ಒಟ್ಟು 40ರಲ್ಲಿ 8 ಅಥವಾ ಹೆಚ್ಚು ಬಂದರೆ ಎಚ್ಚರ ಬೇಕು. ಅದರ ಮೊದಲ ಮೂರು ಪ್ರಶ್ನೆಗಳು, ಅಂದರೆ ಎಷ್ಟು ಸಲ, ಒಂದು ಸಲಕ್ಕೆ ಎಷ್ಟು, ಒಂದೇ ಸಲ 30 ಮಿಲಿಲೀಟರಿನ 6 ಪೆಗ್ ಅಥವಾ ಹೆಚ್ಚು ಕುಡಿದದ್ದು ಎಷ್ಟು ಬಾರಿ ಎಂಬವನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿದರೂ ಹಾಸ್ಟೆಲಿನ ಸ್ಥಿತಿ ತಿಳಿಯುತ್ತದೆ. ಆ ಚೀಟಿಯನ್ನು ಶಿಕ್ಷೆಗೆ ಒಮ್ಮೆ ಬಳಸಿದರೂ ಮುಂದೆ ಯಾರೂ ಸತ್ಯ ಬರೆಯುವುದಿಲ್ಲ.

ಒಂದು ಎಚ್ಚರಿಕೆ: ಹೀಗೆ ಸಿಕ್ಕ ಹುಡುಗರನ್ನೆಲ್ಲ ಮದ್ಯವರ್ಜನ ಶಿಬಿರಕ್ಕೆ ಕಳುಹಿಸುವ ಆತುರ ಬೇಡ. ಆ ಶಿಬಿರಗಳು ವರ್ಷಗಟ್ಟಲೆ ಕುಡಿದು ಮನೆ ಮುರಿದುಕೊಂಡವರನ್ನು ಎತ್ತಿ ನಿಲ್ಲಿಸಿವೆ, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ತಿಂಗಳಿಗೊಮ್ಮೆ ಕ್ವಾರ್ಟರ್ ಗಟಗಟಿಸುವ ಹತ್ತೊಂಬತ್ತರ ಹುಡುಗನ ಸಮಸ್ಯೆ ಚಟವಲ್ಲ. ವೇಗ, ಪ್ರಮಾಣ, ಜೊತೆಗಾರರು. ಅವನಿಗೆ ಕುಡುಕನೆಂಬ ಹೆಸರು ಅಂಟಿಸಿದರೆ ಅವನು ಆ ಹೆಸರಿಗೆ ತಕ್ಕಂತೆ ಬೆಳೆಯುವುದನ್ನು ನಾನು ನೋಡಿದ್ದೇನೆ.

ಹಾಸ್ಟೆಲ್ ವಾರ್ಡನ್

ಎಲ್ಲರಿಗೂ ಋಣಿ. ಇಲ್ಲಿನ ಮಾತುಗಳನ್ನು ಮುದ್ರಿಸಿ ಹಾಸ್ಟೆಲ್ ಸಮಿತಿಯ ಮುಂದಿಟ್ಟೆ. ಎರಡು ಸಭೆಗಳಾದವು. ಕಾಲೇಜಿನ ಹೆಸರು ಕೆಡುತ್ತದೆ ಎಂಬ ವಿರೋಧ ಬಂತು. ಹುಡುಗ ಸತ್ತಿದ್ದರೆ ಹೆಸರು ಏನಾಗುತ್ತಿತ್ತು ಎಂದು ಹಿರಿಯ ಉಪನ್ಯಾಸಕಿಯೊಬ್ಬರು ಕೇಳಿದ ಮೇಲೆ ಸಭೆಯ ದಿಕ್ಕು ಬದಲಾಯಿತು.

ಹಳೆಯ ಸೂಚನೆಯನ್ನು ನಾನೇ ತೆಗೆದೆ. ಎರಡೂ ಹಾಸ್ಟೆಲುಗಳಲ್ಲಿ ಈಗ ಹಾಕಿರುವುದು ಇದು: "ಹಾಸ್ಟೆಲಿನಲ್ಲಿ ಮದ್ಯಕ್ಕೆ ಅವಕಾಶವಿಲ್ಲ. ಆದರೆ ಯಾರಾದರೂ ಕುಡಿದು ಎಚ್ಚರ ತಪ್ಪಿದ್ದರೆ ತಕ್ಷಣ 108ಕ್ಕೂ ವಾರ್ಡನ್ನರಿಗೂ ಕರೆ ಮಾಡಿ. ಕರೆ ಮಾಡಿದವರ ಮೇಲೂ ಚಿಕಿತ್ಸೆ ಪಡೆದವರ ಮೇಲೂ ಕುಡಿತದ ಕಾರಣಕ್ಕೆ ಕ್ರಮ ಇರುವುದಿಲ್ಲ. ಚಿಕಿತ್ಸೆ ಪಡೆದವರು ಎರಡು ಸಲ ಸಮಾಲೋಚಕರನ್ನು ಕಾಣಬೇಕು. ಬಲವಂತವಾಗಿ ಕುಡಿಸಿದವರಿಗೆ, 18 ತುಂಬದವರಿಗೆ ಮದ್ಯ ಕೊಟ್ಟವರಿಗೆ ಈ ವಿನಾಯಿತಿ ಇಲ್ಲ." ಕೆಳಗೆ ವೈದ್ಯೆಯವರು ಹೇಳಿದ ಲಕ್ಷಣಗಳು, ಪಕ್ಕಕ್ಕೆ ಮಲಗಿಸುವ ಚಿತ್ರ.

ಮೆಸ್ ಈಗ ಹಾಜರಿಯ ನಂತರವೂ 11ರವರೆಗೆ ಚಿತ್ರಾನ್ನ, ಮೊಸರನ್ನ ಇಟ್ಟಿರುತ್ತದೆ. ಹುಡುಗಿಯರ ಗೇಟಿನ ಸಮಯವನ್ನು ಬದಲಿಸಲು ಆಡಳಿತ ಒಪ್ಪಲಿಲ್ಲ, ಅದನ್ನು ಮತ್ತೆ ಕೇಳುತ್ತೇನೆ. ಮೊದಲ ವರ್ಷದವರು ಬಂದ ಮೊದಲ ಆರು ವಾರ, ಕೋಣೆಗೊಬ್ಬ ಸೀನಿಯರ್ ಅವರ ಜೊತೆ ಕುಳಿತು ಮಾತಾಡುವ ಕ್ರಮ ಆರಂಭಿಸಿದ್ದೇವೆ. ಆ ನಾಲ್ವರಲ್ಲಿ ಇಬ್ಬರು ಇದಕ್ಕೆ ತಾವಾಗಿ ಹೆಸರು ಕೊಟ್ಟಿದ್ದಾರೆ. ಗುರುತಿನ ಚೀಟಿ ನೋಡದೆ ಮಾರುವ ಅಂಗಡಿಯ ಬಗ್ಗೆ ಅಬಕಾರಿ ಕಚೇರಿಗೆ ದೂರನ್ನೂ ಕೊಟ್ಟಿದ್ದೇವೆ.

ಕಡೂರಿನ ಪಾಲಕ

ಸೂಚನೆಯನ್ನು ಓದಿದೆ. ಒಂದೇ ಪ್ರಶ್ನೆ ಉಳಿದಿದೆ. ನಡುರಾತ್ರಿ ನಿಮ್ಮ ಫೋನ್ ಬಂದರೆ ಕಡೂರಿನಿಂದ ನಾನು ತಲುಪಲು ನಾಲ್ಕು ಗಂಟೆ ಬೇಕು. ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ನನ್ನ ಮಗನ ಪಕ್ಕದಲ್ಲಿ ಯಾರಿರುತ್ತಾರೆ?

ಹಾಸ್ಟೆಲ್ ವಾರ್ಡನ್

ನಾನಿರುತ್ತೇನೆ. ನಾನು ಊರಲ್ಲಿಲ್ಲದಿದ್ದರೆ ಆ ವಾರದ ಸರದಿಯ ಉಪನ್ಯಾಸಕರು ಇರುತ್ತಾರೆ. ಆ ಸಾಲು ಸೂಚನೆಯಲ್ಲಿ ಇರಲಿಲ್ಲ. ನಾಳೆ ಬೆಳಿಗ್ಗೆ ಸೇರಿಸಿ, ಸರದಿಯ ಪಟ್ಟಿಯನ್ನು ಪಕ್ಕದಲ್ಲೇ ಅಂಟಿಸುತ್ತೇನೆ.